ಇಬ್ಬರು ಬರೆದ ಒಂದೇ ಆಟ: ಹಳೆಯ ಸ್ಕೋರ್‌ಶೀಟುಗಳನ್ನು ಪಿಜಿಎನ್‌ಗೆ ತಂದ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದಲ್ಲಿ ನಾವು ಕೆಲವರು ಸೇರಿ ನಡೆಸುತ್ತಿದ್ದ ಚೆಸ್ ಕೂಟದ ಕಬ್ಬಿಣದ ಪೆಟ್ಟಿಗೆಯಲ್ಲಿ 1979ರಿಂದ 2006ರವರೆಗಿನ ಆಟಗಾರರು ತಮ್ಮ ನಡೆಗಳನ್ನು ಬರೆದಿಟ್ಟ ಸುಮಾರು 1,300 ಸ್ಕೋರ್‌ಶೀಟುಗಳು ಉಳಿದಿದ್ದವು. ಅಂದರೆ ಹತ್ತಿರಹತ್ತಿರ 750 ಆಟಗಳು. ಅವುಗಳಲ್ಲಿ 500ಕ್ಕೂ ಸ್ವಲ್ಪ ಹೆಚ್ಚು ಆಟಗಳಿಗೆ ಬಿಳಿಯವನ ಹಾಳೆ, ಕಪ್ಪಿನವನ ಹಾಳೆ ಎರಡೂ ಇದ್ದವು. ಈ ಜೋಡಿಹಾಳೆಗಳೇ ಮುಂದೆ ನನ್ನ ಕೈಹಿಡಿದವು ಎಂಬುದು ಆಗ ನನಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಪಿಜಿಎನ್ ಕಡತಕ್ಕೆ, ಅಂದರೆ ಚೆಸ್ ಆಟದ ನಡೆಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮಕ್ಕೆ, ತರುತ್ತೇನೆ ಎಂದು ನಾನು ಹೇಳಿದಾಗ ಕೂಟದ ಹಿರಿಯರೊಬ್ಬರು, “ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟರೆ ಮುಗಿಯಿತಲ್ಲ ಮಾರಾಯ್ರೇ” ಎಂದರು. ಇನ್ನೊಬ್ಬರು ನೂರು ಆಟ ದಾಟುವುದರೊಳಗೆ ನಾನು ಕೈಬಿಡುತ್ತೇನೆ ಎಂದು ಚಹಾದಂಗಡಿಯಲ್ಲಿ ಪಂಥ ಕಟ್ಟಿದ್ದರು. ಈಗ 690ರಷ್ಟು ಆಟಗಳು ಕಡತದಲ್ಲಿವೆ, ಯಾವ ತಂತ್ರಾಂಶದಲ್ಲಿ ತೆರೆದರೂ ಮೊದಲಿನಿಂದ ಕೊನೆಯವರೆಗೆ ಓಡುತ್ತವೆ. ಪಂಥದ ಹಣ ಮಾತ್ರ ಇನ್ನೂ ಬಂದಿಲ್ಲ.

ಫೋಟೊ ಸಾಲದು ಎನ್ನುವುದಕ್ಕೆ ಕಾರಣ ನಿಮಗೆ ಗೊತ್ತಿರುವಂಥದ್ದೇ. ಫೋಟೊದೊಳಗಿನ ಆಟವನ್ನು ಹುಡುಕಲು ಬರುವುದಿಲ್ಲ, ನಡೆಸಿ ನೋಡಲು ಬರುವುದಿಲ್ಲ, ಬರೆದವನು ತಪ್ಪಿದ್ದಾನೆಯೇ ಎಂದು ತಿಳಿಯಲೂ ಬರುವುದಿಲ್ಲ. ಪಿಜಿಎನ್ ಹಾಗಲ್ಲ. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ಅದನ್ನು ರೂಪಿಸಿದ್ದೇ ಮನುಷ್ಯನೂ ಓದಬೇಕು, ಯಂತ್ರವೂ ಓದಬೇಕು ಎಂದು. ಅದು ಬರಿಯ ಪಠ್ಯವಾದುದರಿಂದ ನೋಟ್‌ಪ್ಯಾಡಿನಲ್ಲಿ ಸಹ ತೆರೆಯುತ್ತದೆ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಹಾಳೆಗೆ 2 ರೂಪಾಯಿಯಂತೆ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದಕ್ಕೆ 2,600 ರೂಪಾಯಿ ಆಯಿತು. ಕೈಬರಹವನ್ನು ಓದಿ ಪಠ್ಯ ಮಾಡಿಕೊಡುವ ಒಂದು ಸೇವೆಗೆ ಮೂರು ತಿಂಗಳ ಚಂದಾ ಎಂದು ಸುಮಾರು 1,800 ಕಟ್ಟಿದೆ. ಮಳೆಗಾಲದ ತೇವಕ್ಕೆ ಶಾಯಿ ಹಬ್ಬಿದ ಹಾಳೆಗಳಲ್ಲಿ ಅದು 1 ಮತ್ತು 7ನ್ನು ಒಂದೇ ಎಂದು ಓದಿತು. ಕಾರ್ಬನ್ ಪ್ರತಿಗಳಲ್ಲಂತೂ ಏನನ್ನೂ ಓದಲಿಲ್ಲ. ಆಮೇಲೆ ಆಟಕ್ಕೆ 10 ರೂಪಾಯಿಯಂತೆ ಒಬ್ಬ ಹುಡುಗನಿಂದ ಟೈಪ್ ಮಾಡಿಸಿದೆ. ಅವನು ನೂರೈವತ್ತು ಆಟಗಳನ್ನು ಎರಡೇ ವಾರದಲ್ಲಿ ಮುಗಿಸಿ ಕೊಟ್ಟ, ಆದರೆ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಹೊಡೆದಿದ್ದ. ರಾಜ, ಮಂತ್ರಿ, ಆನೆ, ಕುದುರೆಗಳ ಇಂಗ್ಲಿಷ್ ಅಕ್ಷರಗಳು ಮಣೆಯ ಎಂಟು ನೇರ ಸಾಲುಗಳ ಹೆಸರಿನಲ್ಲಿ (ಎಯಿಂದ ಎಚ್ ತನಕ) ಇಲ್ಲವಾದುದರಿಂದ ಅವನ್ನು ಒಂದೇ ಏಟಿಗೆ ದೊಡ್ಡದು ಮಾಡಬಹುದು. ‘ಬಿ’ಯನ್ನು ಏನು ಮಾಡುವುದು? ದೊಡ್ಡ ‘ಬಿ’ ಎಂದರೆ ಒಂಟೆ, ಸಣ್ಣ ‘ಬಿ’ ಎಂದರೆ ಬಿ ಸಾಲಿನ ಕಾಲಾಳು. ಸಿ3, ಅಂದರೆ ಸಿ ಸಾಲಿನ ಮೂರನೆಯ ಮನೆಯಲ್ಲಿ ಹೊಡೆದದ್ದು ಒಂಟೆಯೋ ಕಾಲಾಳೋ ಎಂದು ಪ್ರತಿ ಆಟದಲ್ಲಿಯೂ ಮಣೆ ಹಾಕಿ ನೋಡಬೇಕಾಯಿತು. ತಪ್ಪು ಹುಡುಗನದಲ್ಲ, ಹೇಳಿಕೊಡದ ನನ್ನದೇ. 1,500 ರೂಪಾಯಿ ಕೊಟ್ಟು ಆ ಕಡತವನ್ನು ಅಳಿಸಿದೆ. 11,500ಕ್ಕೆ ತಂದ ಹಳೆಯ ಲ್ಯಾಪ್‌ಟಾಪನ್ನೂ ಸೇರಿಸಿದರೆ, ಒಂದು ಆಟವೂ ಸರಿಯಾಗಿ ಸೇರುವ ಮೊದಲೇ 17,000ದ ಮೇಲೆ ಖರ್ಚಾಗಿತ್ತು.

ಬಳಿಕ ನಾನೇ ಕುಳಿತು ಟೈಪ್ ಮಾಡತೊಡಗಿದೆ. ಪ್ರತಿ ನಡೆಯೂ ನಿಯಮಕ್ಕೆ ಒಪ್ಪುತ್ತದೆಯೇ ಎಂದು ನೋಡಲು ಪೈಥಾನ್-ಚೆಸ್ ಎಂಬ ಉಚಿತ ಲೈಬ್ರರಿಯನ್ನು ಇಟ್ಟುಕೊಂಡು ಮೂವತ್ತು ಸಾಲಿನ ಸಣ್ಣ ಪ್ರೋಗ್ರಾಂ ಬರೆದೆ. ಅಸಾಧ್ಯವಾದ ನಡೆ ಬಂದರೆ ಅದು ಅಲ್ಲಿಯೇ ನಿಲ್ಲುತ್ತದೆ. ಇದರಿಂದ ತಪ್ಪುಗಳೆಲ್ಲ ಸಿಕ್ಕಿಬೀಳುತ್ತವೆ ಎಂದು ನಾನು ನಂಬಿದ್ದು ನಮ್ಮ ಗಡಿನಾಡಿನ ಆನೆಯನ್ನು ಮರೆತ ಕಾರಣದಿಂದ.

ಶಾಲಾ ಪಂದ್ಯಗಳ ಹಾಳೆಗಳಲ್ಲಿ ಮಕ್ಕಳು ಕಾಯಿಗಳ ಹೆಸರನ್ನು ತಮ್ಮ ತಮ್ಮ ಲಿಪಿಯಲ್ಲಿ ಬರೆದಿದ್ದರು. ಕನ್ನಡ ಮಾಧ್ಯಮದವರು ಆನೆಗೆ ‘ಆ’, ಒಂಟೆಗೆ ‘ಒಂ’, ಕುದುರೆಗೆ ‘ಕು’ ಎಂದು ಬರೆದರೆ, ಮಲಯಾಳ ಮಾಧ್ಯಮದವರೂ ‘ಆ’, ‘ಕು’ ಎಂದೇ ಬರೆದಿದ್ದರು. ಎರಡೂ ಲಿಪಿಗಳನ್ನು ಓದಬಲ್ಲೆನೆಂಬ ಹೆಮ್ಮೆಯಲ್ಲಿ ನಾನು ಕಂಡ ಕಂಡ ‘ಆ’ವನ್ನೆಲ್ಲ ಆನೆ ಎಂದು ಹೊಡೆದುಕೊಂಡು ಹೋದೆ. ಮೂರನೆಯ ನಡೆಯಲ್ಲಿಯೇ ಆನೆ ಸಿ4ಕ್ಕೆ ಹಾರಿದ ಆಟಗಳು ಮೂವತ್ತನಾಲ್ಕೋ ಮೂವತ್ತೈದೋ ಸಿಕ್ಕಿದವು. ಮಲಯಾಳದಲ್ಲಿ ಮೂಲೆಯ ಕಾಯಿಗೆ ತೇರು ಎನ್ನುತ್ತಾರೆ. ನಾವು ಒಂಟೆ ಎನ್ನುವ ಓರೆ ಹೋಗುವ ಕಾಯಿಯೇ ಅವರಿಗೆ ಆನೆ. ಒಂದೇ ಬೆಂಚಿನಲ್ಲಿ ಎದುರುಬದುರು ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನ ಹಾಳೆ ‘ಆ ಡಿ1’ ಎಂದರೆ ಇನ್ನೊಬ್ಬನದು ಅದೇ ನಡೆಗೆ ‘ತೇ ಡಿ1’ ಎನ್ನುತ್ತದೆ.

ಸಿ4ಕ್ಕೆ ಹಾರಿದ ಆನೆಯನ್ನು ಯಂತ್ರ ಹಿಡಿಯಿತು. ಹಿಡಿಯದೆ ಬಿಟ್ಟದ್ದೇ ಅಪಾಯಕಾರಿ. ಆಟದ ನಡುವೆ ‘ಆ ಡಿ3’ ಎಂದಿದ್ದಾಗ ಆನೆಯೂ ಅಲ್ಲಿಗೆ ಹೋಗಬಹುದು, ಒಂಟೆಯೂ ಹೋಗಬಹುದು ಎಂಬಂಥ ಸ್ಥಿತಿ ಇದ್ದರೆ, ತಪ್ಪಾದ ಕಾಯಿ ನಡೆದರೂ ಪ್ರೋಗ್ರಾಂ ಸುಮ್ಮನಿರುತ್ತದೆ. ಒಂಬತ್ತೋ ಹತ್ತೋ ನಡೆಗಳ ನಂತರ ಇನ್ನಾವುದೋ ನಡೆಯಲ್ಲಿ ಅದು ನಿಂತಾಗ, ನಾವು ನಿಂತ ಜಾಗದಲ್ಲಿ ತಪ್ಪು ಹುಡುಕುತ್ತಾ ಕೂರುತ್ತೇವೆ. ಕೆಲವು ಆಟಗಳಲ್ಲಿ ಕೊನೆಯವರೆಗೂ ನಿಲ್ಲದೆ, ಯಾರೂ ಆಡದ ಆಟವೊಂದು ನನ್ನ ಕಡತದಲ್ಲಿ ಸಲೀಸಾಗಿ ಸೇರಿಕೊಂಡಿತ್ತು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು. ಬಿಳಿಯವನ ಹಾಳೆಯನ್ನು ಒಂದು ದಿನ ಟೈಪ್ ಮಾಡುವುದು; ಕಪ್ಪಿನವನ ಹಾಳೆಯನ್ನು, ಮೊದಲಿನದನ್ನು ನೋಡದೆ, ಕನಿಷ್ಠ ಒಂದು ವಾರ ಬಿಟ್ಟು ಬೇರೆ ಕಡತದಲ್ಲಿ ಟೈಪ್ ಮಾಡುವುದು; ಆಮೇಲೆ ಎರಡನ್ನೂ ಯಂತ್ರದಿಂದ ಹೋಲಿಸುವುದು. ಮೊದಮೊದಲು ನಡೆಗಳ ಪಠ್ಯವನ್ನೇ ಹೋಲಿಸಿ ತಲೆ ಕೆಡಿಸಿಕೊಂಡೆ. ಒಬ್ಬ ಚೆಕ್ ಕೊಟ್ಟಾಗ ಅಧಿಕ ಚಿಹ್ನೆ ಹಾಕಿದ್ದಾನೆ, ಇನ್ನೊಬ್ಬ ಹಾಕಿಲ್ಲ. ರಾಜ, ಆನೆ ಒಟ್ಟಿಗೆ ನಡೆಯುವ ಕ್ಯಾಸ್ಲಿಂಗಿಗೆ ಒಬ್ಬ ಸೊನ್ನೆ ಬರೆದಿದ್ದಾನೆ, ಪಿಜಿಎನ್ ಕೇಳುವುದು ದೊಡ್ಡ ‘ಓ’ ಅಕ್ಷರವನ್ನು. ಡಿ2ಕ್ಕೆ ಎರಡೂ ಕುದುರೆಗಳು ಹೋಗಬಹುದಾಗಿದ್ದಾಗ ಒಬ್ಬ ಬಿ ಸಾಲಿನ ಕುದುರೆ ಎಂದು ಸೂಚಿಸಿದ್ದಾನೆ, ಇನ್ನೊಬ್ಬ ಬರಿಯ ಕುದುರೆ ಎಂದು ಬಿಟ್ಟಿದ್ದಾನೆ. ಹೀಗೆ ಪ್ರತಿ ಆಟದಲ್ಲಿ ಹತ್ತಿಪ್ಪತ್ತು ವ್ಯತ್ಯಾಸಗಳು ಬಂದರೂ ನಿಜವಾದ ತಪ್ಪು ಒಂದೂ ಇರುತ್ತಿರಲಿಲ್ಲ. ಆಟಿ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ ಸುಮ್ಮನೆ ಕುಳಿತಿದ್ದಾಗ, ನಡೆಯನ್ನು ಯಾಕೆ ಹೋಲಿಸಬೇಕು, ಮಣೆಯನ್ನೇ ಹೋಲಿಸಬಹುದಲ್ಲ ಎಂದು ಹೊಳೆಯಿತು. ಪ್ರತಿ ನಡೆಯ ಬಳಿಕ ಎರಡೂ ಕಡತಗಳಿಂದ ಫೆನ್ ಸಾಲನ್ನು, ಅಂದರೆ ಮಣೆಯ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಹೇಳುವ ಬರಹವನ್ನು, ತೆಗೆದು ಅಕ್ಕಪಕ್ಕ ಇಟ್ಟೆ. ಬರೆದ ರೀತಿ ಏನೇ ಇರಲಿ, ಕಾಯಿಗಳು ನಿಂತ ಜಾಗ ಒಂದೇ ಆಗಿದ್ದರೆ ಫೆನ್ ಒಂದೇ. ಎಲ್ಲಿ ಮೊದಲು ಬೇರೆಯಾಯಿತೋ ತಪ್ಪು ಅಲ್ಲಿಯೇ ಇದೆ, ಹತ್ತು ನಡೆಗಳಷ್ಟು ಮುಂದೆ ಅಲ್ಲ.

ಇಲ್ಲಿಯೂ ಒಂದು ಕಲ್ಲು ಎಡವಿಸಿತು. ಫೆನ್‌ನಲ್ಲಿ ಆರು ಭಾಗಗಳಿವೆ: ಕಾಯಿಗಳ ಜೋಡಣೆ, ಯಾರ ಸರದಿ, ಕ್ಯಾಸ್ಲಿಂಗ್ ಹಕ್ಕು, ಆನ್‌ಪಾಸಾಂಟ್ ಮನೆ (ಎರಡು ಮನೆ ಹೋದ ಕಾಲಾಳನ್ನು ಅದು ದಾಟಿದ ಮನೆಯಲ್ಲಿ ಎದುರಾಳಿಯ ಕಾಲಾಳು ಹೊಡೆಯಬಹುದಾದ ಜಾಗ), ಐವತ್ತು ನಡೆಯ ನಿಯಮಕ್ಕಾಗಿ ಎಣಿಕೆ, ನಡೆಯ ಸಂಖ್ಯೆ. ಕಾಲಾಳು ಎರಡು ಮನೆ ಮುಂದೆ ಹೋದಾಗಲೆಲ್ಲ ನಾಲ್ಕನೆಯ ಭಾಗದಲ್ಲಿ ಅದು ದಾಟಿದ ಮನೆಯನ್ನು ಬರೆಯುವ ತಂತ್ರಾಂಶಗಳಿವೆ. ಎದುರಾಳಿಯು ನಿಜವಾಗಿ ಹೊಡೆಯಲು ಸಾಧ್ಯವಿದ್ದರೆ ಮಾತ್ರ ಬರೆಯುವವೂ ಇವೆ. ನಾನು ಒಂದು ಹಾಳೆಯನ್ನು ಒಂದರಲ್ಲಿ, ಇನ್ನೊಂದು ಹಾಳೆಯನ್ನು ಬೇರೊಂದರಲ್ಲಿ ಹಾಕಿದ್ದರಿಂದ ಇ4 ಎಂಬ ಮೊದಲ ನಡೆಗೇ ವ್ಯತ್ಯಾಸ ತೋರಿಸಿತು. ಎರಡು ದಿನ ಹೀಗೆ ಹಾಳಾದ ಮೇಲೆ ಮೊದಲ ಎರಡು ಭಾಗಗಳನ್ನು ಮಾತ್ರ ಹೋಲಿಸತೊಡಗಿದೆ. ಅಂದಿನಿಂದ ಕೆಲಸ ಓಡಿತು. ಮೊದಲು ಒಂದು ಆಟಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿದ್ದದ್ದು ಎರಡೂ ಹಾಳೆ ಸೇರಿ ಹದಿನೈದು ನಿಮಿಷಕ್ಕೆ ಇಳಿಯಿತು. ವ್ಯತ್ಯಾಸ ಬಂದಾಗ ಯಾರ ಹಾಳೆಯನ್ನು ನಂಬಬೇಕು ಎಂಬುದಕ್ಕೆ ನನ್ನದೇ ಆದ ಒಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪೆಟ್ಟಿಗೆ ತೆಗೆದುಕೊಂಡು ಬಂದವರಿಗೆ ತೋರಿಸುತ್ತೇನೆ.

ಒಂದೇ ಹಾಳೆ ಉಳಿದಿದ್ದ ಆಟಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳನ್ನು ನನ್ನ ಮನೆಯವಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಹೊಡೆಯುತ್ತಿದ್ದೆ. ಮಾಡಿನ ಹೆಂಚಿನ ಮೇಲೆ ಮಳೆ ಬೀಳುವಾಗ ಬಿ, ಸಿ, ಡಿ, ಇ, ಜಿ ಐದೂ ಒಂದೇ ಥರ ಕೇಳಿಸುತ್ತವೆ. ಆದುದರಿಂದ ಎಂಟು ಸಾಲುಗಳಿಗೆ ಅಡಕೆ, ಬಾಳೆ, ಸೌತೆ, ದಾಸವಾಳ, ಇಡ್ಲಿ, ಫ್ಯಾನು, ಜೀರಿಗೆ, ಹಲಸು ಎಂದು ಹೆಸರಿಟ್ಟೆವು. “ಕುದುರೆ ಜೀರಿಗೆ ಐದು, ಒಂಟೆ ಬಾಳೆ ಏಳು” ಎಂದು ಅವಳು ಓದುತ್ತಿದ್ದುದನ್ನು ಜಗಲಿಯಲ್ಲಿ ನಿಂತು ಕೇಳಿದ ಪಕ್ಕದ ಮನೆಯ ಅಕ್ಕ ಯಾವ ಪೂಜೆಗೆ ಸಾಮಾನು ಎಂದು ವಿಚಾರಿಸಿದರು. ಈ ಹೆಸರುಗಳು ಬಂದ ಮೇಲೆ ಕೇಳಿಸಿಕೊಂಡದ್ದರ ತಪ್ಪು ಬಹುಮಟ್ಟಿಗೆ ನಿಂತಿತು.

1985ಕ್ಕಿಂತ ಹಿಂದಿನ ಹಾಳೆಗಳಲ್ಲಿ ಹಿರಿಯರು ಇಂಗ್ಲಿಷ್ ಪುಸ್ತಕಗಳಿಂದ ಕಲಿತ ಹಳೆಯ ವಿವರಣಾತ್ಮಕ ಪದ್ಧತಿಯನ್ನೇ ಬಳಸಿದ್ದರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಅದಕ್ಕೆ ಮನ್ನಣೆ ನಿಲ್ಲಿಸಿದ್ದು 1981ರಲ್ಲಿ, ಆದರೆ ನಮ್ಮ ಹಿರಿಯರ ಕೈ ನಿಂತಿರಲಿಲ್ಲ. ಆ ಪದ್ಧತಿಯಲ್ಲಿ ಇಬ್ಬರೂ ಮನೆಗಳನ್ನು ತಮ್ಮ ತಮ್ಮ ಕಡೆಯಿಂದ ಎಣಿಸುವುದರಿಂದ ‘ಪಿ-ಕೆ4’ (ಕಾಲಾಳು ರಾಜನ ಸಾಲಿನ ನಾಲ್ಕನೆಯ ಮನೆಗೆ) ಎಂಬುದು ಬಿಳಿಗೆ ಇ4, ಕಪ್ಪಿಗೆ ಇ5. ಇದು ಪ್ರೋಗ್ರಾಮಿಗೆ ಸುಲಭ. ಕಷ್ಟ ಬರುವುದು ‘ಕಾಲಾಳು ಕಾಲಾಳನ್ನು ಹೊಡೆಯಿತು’ ಎಂದಷ್ಟೇ ಬರೆದಲ್ಲಿ, ಏಕೆಂದರೆ ಮಣೆಯ ಮೇಲೆ ಹಾಗೆ ಹೊಡೆಯಬಲ್ಲ ಎರಡು ಮೂರು ಕಾಲಾಳುಗಳಿರುತ್ತವೆ. ಎಲ್ಲ ಸಾಧ್ಯತೆಗಳನ್ನೂ ಕವಲುಗಳಾಗಿ ಮುಂದಕ್ಕೆ ನಡೆಸಿ, ಮುಂದಿನ ನಡೆಗಳು ಎಲ್ಲಿ ಅಸಾಧ್ಯವಾಗುತ್ತವೋ ಆ ಕವಲನ್ನು ಕಡಿಯುತ್ತಾ ಹೋದೆ. ಐದಾರು ನಡೆಗಳಲ್ಲಿ ಸಾಮಾನ್ಯವಾಗಿ ಒಂದೇ ಕವಲು ಉಳಿಯುತ್ತದೆ.

ಪಿಜಿಎನ್ ಆಟದ ತಲೆಬರಹದ ಏಳು ಟ್ಯಾಗುಗಳು ಸುಲಭವೆಂದು ತಿಳಿಯಬೇಡಿ. ಪಂದ್ಯ, ಸ್ಥಳ, ದಿನಾಂಕ, ಸುತ್ತು, ಬಿಳಿ, ಕಪ್ಪು, ಫಲಿತಾಂಶ ಎಂಬ ಏಳರಲ್ಲಿ ನನ್ನನ್ನು ಕಾಡದೇ ಇದ್ದದ್ದು ಸುತ್ತು ಒಂದೇ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ನಡುವೆ ಚುಕ್ಕಿಯಿಟ್ಟು ಬರೆಯಬೇಕು, ತಿಳಿಯದ ಕಡೆ ಪ್ರಶ್ನಾರ್ಥಕ ಹಾಕಬೇಕು, ಊಹಿಸಿ ತುಂಬಬಾರದು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು, ಆದ್ದರಿಂದ ಅದಕ್ಕೆ ಹಿಂದಿನ ಹಾಳೆಗಳಲ್ಲಿ ಕಣ್ಣೂರು ಜಿಲ್ಲೆ ಎಂದಿದೆ. ಸ್ಥಳದಲ್ಲಿ ಊರಿನ ಹೆಸರನ್ನೂ ದೇಶದ ಮೂರಕ್ಷರದ ಸಂಕೇತವನ್ನೂ ಮಾತ್ರ ಇಟ್ಟು ಜಿಲ್ಲೆಯ ಗೊಡವೆ ಬಿಟ್ಟೆ. ಆಟಗಾರರ ಹೆಸರಿನಲ್ಲಿ ಕುಲನಾಮ ಮೊದಲು, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು ಎಂದು ಪಿಜಿಎನ್ ಕೇಳುತ್ತದೆ. ಮನೆಹೆಸರು, ತಂದೆಯ ಹೆಸರು ಎರಡಕ್ಕೂ ಇನಿಶಿಯಲ್ ಇಟ್ಟುಕೊಂಡು ಕೊನೆಗೆ ಭಟ್ ಎಂದು ಬರೆಯುವ ನಮ್ಮವರನ್ನು ಈ ಕ್ರಮಕ್ಕೆ ತಂದಾಗ ನಲವತ್ತಕ್ಕೂ ಹೆಚ್ಚು ಮಂದಿ ಭಟ್ಟರು ಒಂದೇ ಕಡೆ ಗುಂಪಾದರು. ಅದರ ಮೇಲೆ ಇಂಗ್ಲಿಷಿನಲ್ಲಿ ಒಬ್ಬರೇ ಮೂರು ಬಗೆಯಲ್ಲಿ ಸಹಿ ಮಾಡಿದ್ದರು. ಕೊನೆಗೆ ಹೆಸರುಗಳಿಗೇ ಬೇರೆ ಪಟ್ಟಿಯೊಂದನ್ನು ಮಾಡಬೇಕಾಯಿತು. ಇಡೀ ಕೆಲಸದಲ್ಲಿ ಅತ್ಯಂತ ಬೇಸರ ತಂದ ಹದಿನೈದು ದಿನಗಳು ಅವು.

ನಡುವೆ ಮಾಡಿದ ಎರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಪಿಜಿಎನ್‌ನಲ್ಲಿ ಪುಷ್ಪಾವರಣದೊಳಗೆ ಟಿಪ್ಪಣಿ ಬರೆಯಬಹುದಾದುದರಿಂದ ಕನ್ನಡದಲ್ಲಿಯೇ ಬರೆಯೋಣವೆಂದು ಮೊದಲು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಹೊಡೆದೆ. ಪಿಜಿಎನ್‌ನ ಮೂಲ ನಿಯಮ ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್-1 ಅಕ್ಷರಗಳನ್ನು ಒಪ್ಪುತ್ತದೆ, ಹಳೆಯ ನುಡಿಯ ಕನ್ನಡವೂ ಒಳಗೊಳಗೆ ಅದೇ ಅಕ್ಷರಗಳು. ಹೀಗಾಗಿ ಕಡತ ಯಾವ ತಕರಾರೂ ಇಲ್ಲದೆ ತೆರೆಯಿತು, ಆದರೆ ಓದಿದರೆ ಫ್ರೆಂಚರು ಸಿಟ್ಟಿನಲ್ಲಿ ಬರೆದಂತಿತ್ತು. ಯೂನಿಕೋಡಿನಲ್ಲಿ ಬರೆದು ಯುಟಿಎಫ್-8 ಎಂದು ಉಳಿಸಿದಾಗ ಹೊಸ ತಂತ್ರಾಂಶಗಳು ಕನ್ನಡವನ್ನು ಚೆನ್ನಾಗಿ ತೋರಿಸುತ್ತವೆ, ಹಳೆಯವು ತೋರಿಸುವುದಿಲ್ಲ. ಈಗ ಟಿಪ್ಪಣಿ ಸಹಿತ, ಟಿಪ್ಪಣಿ ರಹಿತ ಎಂದು ಎರಡು ಕಡತಗಳನ್ನು ಇಟ್ಟಿದ್ದೇನೆ.

ಇನ್ನೊಂದು, ಪೆಟ್ಟಿಗೆಯ ತಳದಲ್ಲಿ ಸಿಕ್ಕ ನೋಟುಪುಸ್ತಕದ ಚದುರಂಗ ಸಮಸ್ಯೆಗಳದು. ಚಿತ್ರ ಮಾತ್ರ ಇರುವ ಸ್ಥಾನಗಳಿಗೆ ಫೆನ್ ಟ್ಯಾಗ್ ಬೇಕು, ಅದರ ಜೊತೆಗೆ ಸೆಟಪ್ ಎಂಬ ಟ್ಯಾಗಿನಲ್ಲಿ 1 ಎಂದೂ ಇರಬೇಕು. ಎರಡು ನಡೆಯ ಒಂದು ಸಮಸ್ಯೆಯನ್ನು ಚೆಸ್ ಆಡುವ ಪ್ರೋಗ್ರಾಂ ಆದ ಸ್ಟಾಕ್‌ಫಿಶ್ ಎಷ್ಟು ಹೊತ್ತಾದರೂ ಬಿಡಿಸಲಿಲ್ಲ. ಚಿತ್ರವೇ ತಪ್ಪೆಂದು ಬರೆದು ಬಿಟ್ಟಿದ್ದೆ. ತಿಂಗಳ ಮೇಲೆ ನೋಡಿದಾಗ, ಫೆನ್ ಸಾಲಿನ ಮೂರನೆಯ ಭಾಗದಲ್ಲಿ ಅಡ್ಡಗೆರೆ ಹಾಕಿ ಬಿಳಿಯ ಕ್ಯಾಸ್ಲಿಂಗ್ ಹಕ್ಕನ್ನು ನಾನೇ ಕಿತ್ತುಕೊಂಡಿದ್ದೆ; ಉತ್ತರ ಇದ್ದದ್ದು ಕ್ಯಾಸ್ಲಿಂಗಿನಲ್ಲಿಯೇ.

ಇನ್ನು ಸುಮಾರು 60 ಆಟಗಳು ಉಳಿದಿವೆ. ಅವುಗಳಲ್ಲಿ ಹೆಚ್ಚಿನವು ಗೆದ್ದಲು ತಿಂದವು. ಆದರೆ ಒಂದು ಮಾತ್ರ ಬೇರೆ ಜಾತಿಯದು. 1988ರ ಒಂದು ಪಂದ್ಯದಲ್ಲಿ ಕೊನೆಯ ಐದು ನಿಮಿಷಗಳಲ್ಲಿ ಇಬ್ಬರೂ ಬರೆಯುವುದನ್ನು ನಿಲ್ಲಿಸಿದ್ದಾರೆ, ಅಲ್ಲಿಯವರೆಗೆ ಎರಡೂ ಹಾಳೆಗಳ ಫೆನ್ ಅಕ್ಷರಕ್ಕಕ್ಷರ ಒಂದೇ, ಕೆಳಗೆ ಮಾತ್ರ ಬಿಳಿಯವರು 1-0 ಎಂದೂ ಕಪ್ಪಿನವರು 0-1 ಎಂದೂ ಬರೆದಿದ್ದಾರೆ. ಫಲಿತಾಂಶ ತಿಳಿಯದ ಆಟಕ್ಕೆ ಹಾಕುವ ನಕ್ಷತ್ರ ಚಿಹ್ನೆಯನ್ನು ಅದಕ್ಕೆ ಇಟ್ಟಿದ್ದೇನೆ. ಇಬ್ಬರೂ ಈಗ ಎಪ್ಪತ್ತು ದಾಟಿದವರು, ಇಬ್ಬರೂ ಬದಿಯಡ್ಕ ಪೇಟೆಯಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ಬೇರೆ ಬೇರೆಯಾಗಿ ಪಕ್ಕಕ್ಕೆ ಕರೆದು, ಆ ನಕ್ಷತ್ರವನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳುತ್ತಾರೆ.