ಸರಪಳಿ ಅಂಗಿಗೆ ಕೊರಳು ಕೂರಿಸುವುದು

ಸರಪಳಿ ಅಂಗಿ ಅಂದರೆ ಲೋಹದ ಸಣ್ಣ ಬಳೆಗಳನ್ನು ಒಂದಕ್ಕೊಂದು ಕೋದು ಮಾಡುವ ಹಳೆಯ ಕಾಲದ ಯುದ್ಧಕವಚ. ಅದನ್ನು ಹೆಣೆಯುವವರು ತೋಳು, ಎದೆ ಎಲ್ಲ ಸಲೀಸಾಗಿ ಮುಗಿಸಿ ಕೊರಳಿನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತಾರೆ. ಕುತ್ತಿಗೆಯ ಅಳತೆಗೆ ಬಿಟ್ಟರೆ ತಲೆ ತೂರುವುದಿಲ್ಲ, ತಲೆಗೆ ಬಿಟ್ಟರೆ ಹೆಗಲೆಲುಬು ಬಯಲು. ಇಂಗ್ಲೆಂಡಿನ ಲೀಡ್ಸ್‌ನಿಂದ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ದಾವಣಗೆರೆಯಲ್ಲಿ ರವಿಕೆ ಹೊಲಿಯುವ ಅಮ್ಮ, "ಮುಂದುಗಡೆ ಸೀಳು ಬಿಡಪ್ಪ, ಇದಕ್ಕೂ ಇಂಜಿನಿಯರಿಂಗ್ ಓದಬೇಕಾ?" ಅಂದರು.

ಲೆಕ್ಕ ಸುಲಭ. ಒಳಗಿನ ಹತ್ತಿಯ ಅಂಗಿ ಹಾಕಿಕೊಂಡೇ ಅಳೆಯಿರಿ. ನನಗೆ ಕುತ್ತಿಗೆ 42 ಸೆಂ.ಮೀ., ತಲೆ 58. ಸೀಳಿಗೆ ಎರಡು ಅಂಚು, ಹಾಗಾಗಿ 8 ಸೆಂ.ಮೀ. ಸೀಳಿದರೆ 16 ಸಿಗುತ್ತದೆ. ಆದರೆ ಮೂಗು, ಕಿವಿ ಉಳಿಯಬೇಕಲ್ಲ, ಸೀಳನ್ನೇ 12 ಸೆಂ.ಮೀ. ಇಡಿ. ಕತ್ತರಿಸುವ ಮಾತಿಲ್ಲ. ಎರಡು ಇಕ್ಕಳ ಹಿಡಿದು, ಮಧ್ಯದ ಗೆರೆಯ ಬಳೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ಇಳಿಯಿರಿ. ರಿವೆಟ್ ಹೊಡೆದ ಬಳೆಯಾದರೆ ಮಾತ್ರ ತುಂಡರಿಸಿಯೇ ತೆಗೆಯಬೇಕು.

ನಾನು ಕೆಟ್ಟದ್ದು ಇಲ್ಲಿಂದ ಮುಂದೆ. ಅಂಚಿಗೆ ಅಂಚು ತಂದು ಲಾಡಿ ಕಟ್ಟಿದೆ. ಮೊದಲ ಅಣಕು ಕಾಳಗದಲ್ಲೇ ಕೈ ಎತ್ತಿದಾಗ ಎರಡು ಬೆರಳಗಲ ಬಾಯಿಬಿಟ್ಟು, ಮೊಂಡು ಕತ್ತಿಯ ತುದಿ ಸರಿಯಾಗಿ ಅಲ್ಲಿಗೇ ಬಂತು. ಹದಿನೈದು ದಿನ ಕಂದಿತ್ತು. ರವಿಕೆಯ ಹುಕ್ಕಿನ ಹಿಂದೆ ಒಂದು ಪಟ್ಟಿ ಇರುತ್ತದಲ್ಲ, ಅದು ಬೇಕು: ಎಡ ಅಂಚಿಗೆ 5 ಸೆಂ.ಮೀ. ಅಗಲ ಹೆಚ್ಚು ಹೆಣೆದು ಬಲಗಡೆಯ ಕೆಳಗೆ ತೂರಿಸಿ. ದಾರವನ್ನು ಅಂಚಿನ ಬಳೆಗೆ ಹಾಕಬೇಡಿ, ಒಂದು ಸಾಲು ಒಳಗೆ ಹಾಕಿ. ಹತ್ತಿಯ ಲಾಡಿಯನ್ನು ಬಳೆಗಳು ಗರಗಸದ ಹಾಗೆ ತಿಂದುಹಾಕುತ್ತವೆ, ಚರ್ಮದ ದಾರವೇ ಆಗಬೇಕು.

ಹನ್ನೆರಡು, ಹದಿಮೂರನೆಯ ಶತಮಾನದ ಯುರೋಪಿನವರು ಇದನ್ನೇ ಬೇರೆ ಥರ ಮಾಡಿದರು. ಸರಪಳಿ ಕುಲಾವಿಗೆ ಒಂದು ನಾಲಿಗೆ ಇಳಿಬಿಟ್ಟು, ಕಾಳಗದ ಹೊತ್ತಿಗೆ ಅದನ್ನು ಗದ್ದದ ಮೇಲೆ ಎಳೆದು ಕಪಾಲದ ಪಕ್ಕ ಕಟ್ಟುತ್ತಿದ್ದರು. ಅದಕ್ಕೆ ವೆಂಟೇಲ್ ಅಂತ ಹೆಸರು. ಗಡ್ಡ ಇರುವವರು ಪ್ರಯತ್ನಿಸುವ ಮೊದಲು ಯೋಚಿಸಿ.

ಕೊರಳು ಜೋತು ಬೀಳುತ್ತಿದ್ದರೆ ತುರ್ಕಿ, ಹಿಂದೂಸ್ತಾನದ ಕಮ್ಮಾರರ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಕೊರಳಪಟ್ಟಿಯ ಬಳೆಗಳ ಒಳಗೇ ಚರ್ಮದ ಎಳೆ ಪೋಣಿಸುವುದು. ದಬ್ಬಣದಲ್ಲಿ ಒಂದು ಬಳೆ ಮೇಲೆ, ಒಂದು ಬಳೆ ಕೆಳಗೆ ಎಂದು ಅಡ್ಡಡ್ಡ ನಾಲ್ಕು ಸುತ್ತು ಹಾಕಿ, ಬಿಗಿಯಾಗಿ ಎಳೆಯಿರಿ. ಪಟ್ಟಿ ತಾನಾಗಿ ಎದ್ದು ನಿಲ್ಲುತ್ತದೆ.

ಹದಿನೈದನೆಯ ಶತಮಾನದ್ದು ಬೇಕಾದರೆ ಕೊರಳನ್ನೇ ಬೇರೆ ಮಾಡಿ: ದಪ್ಪ ತಂತಿಯ ಸಣ್ಣ ಬಳೆ, ಒತ್ತಾದ ಹೆಣಿಗೆ, ಹಿಂದೆಯೋ ಪಕ್ಕದಲ್ಲೋ ಬಕಲ್. ಹಿಂದೆ ಇಟ್ಟರೆ ಹಾಕಿಕೊಡಲು ಇನ್ನೊಬ್ಬರು ಬೇಕು. ನನ್ನ ಹೆಂಡತಿ ಎರಡು ಭಾನುವಾರ ಹಾಕಿಕೊಟ್ಟಳು. ಮೂರನೆಯ ಭಾನುವಾರ ಬಕಲ್ಲನ್ನು ನಾನೇ ಪಕ್ಕಕ್ಕೆ ತಿರುಗಿಸಿದೆ.