ನೊರೆ ಉಕ್ಕಿದರೆ ಕೊಳೆ ಹೋಯಿತು ಅಂತಲ್ಲ

ಈಗಿನ ಮಕ್ಕಳು ಸಿಂಕ್ ತೊಳೆಯುವುದನ್ನು ನೋಡಿಕೊಂಡು ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ. ಅಡುಗೆ ಸೋಡಾ ಸುರಿಯುತ್ತಾರೆ, ಅದರ ಮೇಲೇ ವಿನೆಗರ್ ಹುಯ್ಯುತ್ತಾರೆ. ಬುಸ್ಸೆಂದು ನೊರೆ ಏಳುತ್ತದೆ, ಕೊಳೆಯೆಲ್ಲ ಹೋಯಿತು ಅಂದುಕೊಳ್ಳುತ್ತಾರೆ. ವಿನೆಗರ್ ಆಮ್ಲ, ಸೋಡಾ ಕ್ಷಾರ. ಸೇರಿಸಿದಿರೋ, ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಗುಳ್ಳೆಯೆಲ್ಲ ಕಾರ್ಬನ್ ಡೈಆಕ್ಸೈಡ್, ಹಾರಿಹೋಗುತ್ತದೆ. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಎರಡೂ ಸಾಮಾನು ದಂಡ, ಅಲ್ವಾ?

ಮೊದಲು ಕೊಳೆ ಯಾವುದು ಅಂತ ನೋಡಿ. ಜಿಡ್ಡಿಗೆ ಕ್ಷಾರ ಬೇಕು. ನಮ್ಮ ಅಜ್ಜಿ ಸೌದೆ ಒಲೆಯ ಬೂದಿಯಲ್ಲೇ ಪಾತ್ರೆ ಉಜ್ಜುತ್ತಿದ್ದರು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಅಳತೆ ಗಿಳತೆ ಏನಿಲ್ಲ. ಒದ್ದೆ ಬೂದಿಯನ್ನು ಬೆರಳಲ್ಲಿ ತಿಕ್ಕಿ, ಜಾರಿದರೆ ಸಾಕು ಅನ್ನುತ್ತಿದ್ದರು.

ನಲ್ಲಿಯ ಬಿಳಿ ಕರೆ ಹಾಗಲ್ಲ. ಅದು ಗಡಸು ನೀರು ಬಿಟ್ಟುಹೋದ ಕ್ಯಾಲ್ಸಿಯಂ ಕಾರ್ಬೊನೇಟ್. ಸೋಡಾ ಹಾಕಿ ತೋಳು ನೋಯುವಷ್ಟು ತಿಕ್ಕಿದರೂ ಕರಗುವುದಿಲ್ಲ, ಆಮ್ಲವೇ ಬೇಕು. ಹಾಗಂತ ವಿನೆಗರ್ ಚಿಮುಕಿಸಿ ತಕ್ಷಣ ಒರೆಸುವುದಲ್ಲ. ಹಳೆಯ ಹತ್ತಿ ಬಟ್ಟೆಯ ಚೂರು ತಗೊಳ್ಳಿ. ಸಿಂಥೆಟಿಕ್ ಬೇಡ, ಸರಿಯಾಗಿ ಹೀರುವುದಿಲ್ಲ. ವಿನೆಗರ್‌ನಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಕರೆಗೆ ಅಂಟುವಂತೆ ಬಿಗಿಯಾಗಿ ಸುತ್ತಿ. ಮಡಿಕೆಯಲ್ಲಿ ಗಾಳಿ ಉಳಿದರೆ ಅಷ್ಟು ಜಾಗದ ಕರೆ ಹಾಗೇ ಇರುತ್ತದೆ. ಒಣಗದಿರಲಿ ಅಂತ ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ.

ಸ್ವಲ್ಪ ಹೊತ್ತಿಗೆ ಬಟ್ಟೆಯ ಅಂಚು ಎತ್ತಿ ನೋಡಿ. ಕರೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂತಿರುತ್ತವೆ. ಅದೂ ಕಾರ್ಬನ್ ಡೈಆಕ್ಸೈಡೇ, ಆದರೆ ಈ ಸಲ ಕರೆಯೇ ಕರಗಿ ಹೊರಡುತ್ತಿದೆ. ಕರೆ ಇದ್ದೂ ಗುಳ್ಳೆ ನಿಂತಿತೋ, ಬಟ್ಟೆಯಲ್ಲಿದ್ದ ಆಮ್ಲ ಮುಗಿಯಿತು ಅಂತ ಅರ್ಥ. ಮತ್ತೆ ಅದ್ದಿ ಸುತ್ತಿ. ರಾತ್ರಿಯಿಡೀ ಮಾತ್ರ ಬಿಡಬೇಡಿ, ನಲ್ಲಿಯ ಹೊಳಪು ಹಾಳಾಗುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಈ ಒರೆಸುವ ಕೆಲಸಕ್ಕೇ ಎಲ್ಲರಿಗೂ ಸೋಮಾರಿತನ! ನೀರು ಅಲ್ಲೇ ಆರಿದರೆ ಕರೆ ಮತ್ತೆ ಕೂರುತ್ತದೆ. ಅಮೃತಶಿಲೆಯ ಕಟ್ಟೆಗೆ ಈ ಉಪಾಯ ಬೇಡವೇ ಬೇಡ. ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ, ಕರೆ ಜೊತೆ ಕಲ್ಲನ್ನೂ ಆಮ್ಲ ತಿನ್ನುತ್ತದೆ.

ಕಲೆ ಅಂದಾಗ ನೆನಪಾಯಿತು. ಬಟ್ಟೆಗೆ ರಕ್ತ ತಾಗಿದರೆ ಬಿಸಿನೀರಿಗೆ ಹಾಕಬೇಡಿ. ರಕ್ತದ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲನ್ನೇ ಹಿಡಿದುಕೊಳ್ಳುತ್ತದೆ. ತಣ್ಣೀರೇ ಸರಿ.

ಇನ್ನು, ವಿನೆಗರ್ ಬಳಸಿದ ಜಾಗಕ್ಕೆ ಬ್ಲೀಚ್ ತರಬೇಡಿ. ಜಾಸ್ತಿ ಬೆಳ್ಳಗಾಗಲಿ ಅಂತ ಎರಡನ್ನೂ ಸುರಿಯುವವರನ್ನು ನೋಡಿದ್ದೇನೆ, ಎದೆ ಝಲ್ಲೆನ್ನುತ್ತದೆ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಕಣ್ಣು ಉರಿದು ಉಸಿರು ಕಟ್ಟುತ್ತದೆ. ಅಕಸ್ಮಾತ್ ಸೇರಿಬಿಟ್ಟರೆ ತೊಳೆಯುತ್ತಾ ನಿಲ್ಲಬೇಡಿ, ಇದ್ದಂತೆಯೇ ಬಿಟ್ಟು ಹೊರಗೆ ಗಾಳಿಗೆ ಬನ್ನಿ. ಉಸಿರಾಟಕ್ಕೆ ಕಷ್ಟ ಆದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.