ಚಾನೆಲ್ 7, ಐಡಿ 7, ವೈರ್ 7

ಎಫ್‌ಆರ್‌ಸಿ (ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್) ಎಂಬ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಯ ನಮ್ಮ ತಂಡದಲ್ಲಿ ವೈರಿಂಗ್ ಹೊಣೆ ನನ್ನದು. ಲೇಬಲ್ ಅಂದರೆ ಕೆಲಸವೆಲ್ಲ ಮುಗಿದ ಮೇಲಿನ ಅಲಂಕಾರ ಅಂತ ಬಹಳ ಜನರ ಲೆಕ್ಕ. ನಾನಾದರೋ ಮೊದಲ ವೈರ್ ಕತ್ತರಿಸುವ ಮುಂಚೆಯೇ ನಂಬರು ಹಂಚಿಬಿಡುತ್ತೇನೆ.

ಬ್ಯಾಟರಿಯ ಕರೆಂಟ್ ಹಂಚುವ ಪೆಟ್ಟಿಗೆಯೇ ಪವರ್ ಡಿಸ್ಟ್ರಿಬ್ಯೂಷನ್ ಹಬ್. ಅದರ ಯಾವ ಚಾನೆಲ್‌ನಿಂದ ಮೋಟಾರ್ ಕಂಟ್ರೋಲರಿಗೆ ಕರೆಂಟ್ ಹೋಗುತ್ತದೋ, ಆ ನಂಬರೇ ಅದರ ಕ್ಯಾನ್ ಐಡಿ, ಅಂದರೆ ಭಾಗಗಳು ಸಂದೇಶ ಕಳಿಸಿಕೊಳ್ಳುವ ‘ಕ್ಯಾನ್’ ಎಂಬ ಜೋಡಿ ವೈರಿನ ಜಾಲದಲ್ಲಿ ಅದರ ಗುರುತಿನ ನಂಬರು. ಚಾನೆಲ್ 7 ಅಂದರೆ ಐಡಿ 7, ವೈರಿನ ಎರಡೂ ತುದಿಗೆ 7, ಕೋಡಿನಲ್ಲೂ 7. ಪರದೆಯ ಮೇಲೆ 11 ಕೈಕೊಟ್ಟಿದೆ ಅಂತ ಬಂದರೆ ಯಾವ ಬ್ರೇಕರ್ ನೋಡಬೇಕು ಅಂತ ಯಾರನ್ನೂ ಕೇಳಬೇಕಿಲ್ಲ. ದೊಡ್ಡ ಚಾನೆಲ್‌ಗಳು 0ಯಿಂದ 19ರವರೆಗಿವೆ. 0ಯನ್ನು ಮಾತ್ರ ಯಾವ ಮೋಟಾರಿಗೂ ಕೊಡುವುದಿಲ್ಲ. ನಾವು ಬಳಸುವ ಸ್ಪಾರ್ಕ್ ಮ್ಯಾಕ್ಸ್ ಎಂಬ ಮೋಟಾರ್ ಕಂಟ್ರೋಲರ್ ಹೊಸದಾಗಿ ಡಬ್ಬಿಯಿಂದ ಬರುವಾಗಲೇ ಅದರ ಐಡಿ 0 ಆಗಿರುತ್ತದೆ. ಕ್ಯಾನ್ ಜಾಲದಲ್ಲಿ 0 ಕಂಡರೆ ಯಾರೋ ಕಂಟ್ರೋಲರ್ ಬದಲಿಸಿ ನಂಬರು ಕೊಡದೆ ಎದ್ದುಹೋಗಿದ್ದಾರೆ ಅಂತಲೇ ಅರ್ಥ.

ನಾಲ್ಕು ಮೂಲೆಗಳಲ್ಲಿರುವ, ಯಾವ ದಿಕ್ಕಿಗೂ ತಿರುಗುವ ಸ್ವರ್ವ್ ಚಕ್ರಗಳಿಗೆ ‘ಮುಂದಿನ ಎಡ’, ‘ಹಿಂದಿನ ಬಲ’ ಅಂತ ಬರೆಯುವುದು ನನಗೆ ಹಿಡಿಸದು. ಪಿಟ್‌ನಲ್ಲಿ, ಅಂದರೆ ರಿಪೇರಿ ಜಾಗದಲ್ಲಿ, ರೋಬೋಟಿನ ಎದುರು ಕೂತವನ ಎಡ ಅದರ ಬಲ! ಹಾಗಾಗಿ ಮೂಲೆಗೊಂದು ಬಣ್ಣದ ಟೇಪು: ಬಿಳಿ, ಕಿತ್ತಳೆ, ನೇರಳೆ, ಗುಲಾಬಿ. ಕೆಂಪು-ಕಪ್ಪು ಪವರಿಗೆ, ಹಳದಿ-ಹಸಿರು ಕ್ಯಾನ್‌ಗೆ ಮೀಸಲು, ಅವುಗಳ ತಂಟೆಗೆ ಹೋಗುವುದಿಲ್ಲ.

ಬರೀ ಸ್ಟಿಕ್ಕರ್ ಎರಡು ಮ್ಯಾಚ್‌ಗೇ ಸುಲಿದು ಬರುತ್ತದೆ. ಪ್ರಿಂಟ್ ಮಾಡಿದ ಟೇಪ್ ಸುತ್ತಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಪಾರದರ್ಶಕ ಹೀಟ್‌ಶ್ರಿಂಕ್ ಟ್ಯೂಬ್ ಎಳೆದು ಕಾಯಿಸುತ್ತೇನೆ. ಕನೆಕ್ಟರ್ ಕ್ರಿಂಪ್ ಮಾಡುವ (ವೈರಿನ ತುದಿಗೆ ಅದುಮಿ ಕೂರಿಸುವ) ಮೊದಲೇ ಟ್ಯೂಬ್ ತೂರಿಸಿರಬೇಕು. ಲೇಬಲ್ ಕನೆಕ್ಟರಿನಿಂದ ನಾಲ್ಕು ಬೆರಳು ದೂರ ಇರಲಿ. ತೀರಾ ಹತ್ತಿರವಾದರೆ ಕನೆಕ್ಟರ್ ಕತ್ತರಿಸಿ ಹೊಸದು ಹಾಕುವಾಗ ನಂಬರೂ ಕಸದ ಬುಟ್ಟಿಗೆ. 6 ಮತ್ತು 9ರ ಅಡಿಗೆ ಗೆರೆ ಕಡ್ಡಾಯ.

ಕ್ಯಾನ್ ವೈರಿನದು ಬೇರೆ ಕಥೆ. ಅದು ಒಂದರಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗುವುದರಿಂದ ಪ್ರತಿ ತುಂಡಿನ ಮೇಲೂ ‘5–8’ ಎಂಬಂತೆ ಎಲ್ಲಿಂದ ಎಲ್ಲಿಗೆ ಅಂತ ಬರೆಯುತ್ತೇನೆ. ಒಂದು ತುದಿಯಲ್ಲಿ ರೋಬೋಟಿನ ಮುಖ್ಯ ಕಂಪ್ಯೂಟರ್ ರೋಬೋರಿಯೋ, ಇನ್ನೊಂದರಲ್ಲಿ ಹಬ್, ಎರಡರೊಳಗೂ 120 ಓಮ್ ರೆಸಿಸ್ಟರ್. ಪವರ್ ಆಫ್ ಮಾಡಿ ಹಳದಿ-ಹಸಿರಿನ ನಡುವೆ ಮೀಟರ್ ಇಟ್ಟರೆ ಎರಡೂ ರೆಸಿಸ್ಟರ್ ಸಮಾಂತರವಾಗಿ ಸೇರಿ 60 ಓಮ್ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಎಲ್ಲೋ ತುಂಡಾಗಿದೆ, ಇಲ್ಲವೇ ಹಬ್‌ನ ರೆಸಿಸ್ಟರ್ ಸ್ವಿಚ್ ಆಫ್ ಆಗಿದೆ. ಸ್ವಿಚ್ ಸರಿಯಿದ್ದರೆ ಸರಪಳಿಯ ನಟ್ಟನಡುವಿನ ಕನೆಕ್ಟರ್ ಬಿಚ್ಚಿ ಎರಡೂ ಕಡೆ ಅಳೆಯುತ್ತೇನೆ. 120 ಬಂದ ಅರ್ಧ ಸರಿಯಿದೆ. ಏನೂ ಬಾರದ ಅರ್ಧವನ್ನು ಲೇಬಲ್ ನೋಡಿಕೊಂಡು ಮತ್ತೆ ಅರ್ಧ ಮಾಡುತ್ತ ಹೋದರೆ ಸಡಿಲ ಕ್ರಿಂಪ್ ಕೈಗೆ ಸಿಗುತ್ತದೆ.